ಎಣ್ಣೆ ಅಳೆದು ಹಾಕಿ, ಹೊಟ್ಟೆ ತುಂಬ ಉಣ್ಣಿ

ನಮ್ಮ ಅಡುಗೆಮನೆಯಲ್ಲಿ ಅಕ್ಕಿಗೆ ಪಾವಿದೆ, ಬೇಳೆಗೆ ಲೋಟವಿದೆ, ಕಾಫಿಪುಡಿಗೂ ಒಂದು ಚಮಚ ಮೀಸಲಾಗಿದೆ. ಎಣ್ಣೆಗೆ ಮಾತ್ರ ಅಳತೆ ಇಲ್ಲ. ಕ್ಯಾನಿನಿಂದ ಗಿಂಡಿಗೆ, ಗಿಂಡಿಯಿಂದ ಬಾಣಲೆಗೆ, ಸಾಸಿವೆ ಮುಳುಗುವಷ್ಟು ಬಿದ್ದರೆ ಒಗ್ಗರಣೆ ಆಯಿತು. ತೂಕ ಇಳಿಸಬೇಕೆಂದು ಹೊರಟವರು ಅನ್ನ ಬಿಡುತ್ತಾರೆ, ರಾತ್ರಿಯೂಟ ಬಿಡುತ್ತಾರೆ, ಅಂಗಡಿಯಿಂದ ಓಟ್ಸ್ ತರುತ್ತಾರೆ. ಗಿಂಡಿಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಒಂದೆರಡು ತಿಂಗಳಲ್ಲಿ ಹಸಿವು ತಡೆಯಲಾಗದೆ ಹಳೆಯ ಊಟಕ್ಕೇ ಮರಳುತ್ತಾರೆ.

ಲೆಕ್ಕ ನೋಡಿದರೆ ಶುರು ಮಾಡಬೇಕಾದ್ದು ಆ ಗಿಂಡಿಯಿಂದಲೇ. ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಪ್ರೋಟೀನಿನಲ್ಲಿ 4, ಒಂದು ಗ್ರಾಂ ಕೊಬ್ಬಿನಲ್ಲಿ 9. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ರಸಾಯನವಿಜ್ಞಾನಿ ವಿಲ್ಬರ್ ಅಟ್‌ವಾಟರ್ ಮತ್ತು ಸಂಗಡಿಗರ ಪ್ರಯೋಗಗಳಿಂದ ಬಂದ ಈ ಸಂಖ್ಯೆಗಳನ್ನೇ ಇಂದಿಗೂ ಆಹಾರದ ಪೊಟ್ಟಣಗಳ ಮೇಲಿನ ಲೆಕ್ಕಕ್ಕೆ ಬಳಸುತ್ತಾರೆ. ಎಣ್ಣೆಯೆಂದರೆ ಪೂರ್ತಿ ಕೊಬ್ಬು. ಒಂದು ಟೀ ಚಮಚ ಎಣ್ಣೆ, ಅಂದರೆ 5 ಮಿಲಿ, ಸುಮಾರು 40 ಕ್ಯಾಲೊರಿ. ಮೂರು ಟೀ ಚಮಚ ಹಿಡಿಯುವ ದೊಡ್ಡ ಚಮಚದಲ್ಲಿ 120. ಒಂದು ಸಣ್ಣ ಸೌಟಿನಷ್ಟು ಬಿದ್ದರೆ ಮುನ್ನೂರರ ಹತ್ತಿರ, ಅಂದರೆ ಒಂದು ರಾಗಿಮುದ್ದೆಗಿಂತ ಹೆಚ್ಚು. ಕಡಲೆಕಾಯಿ ಎಣ್ಣೆ, ತೆಂಗಿನೆಣ್ಣೆ, ಸೂರ್ಯಕಾಂತಿ, ಆಲಿವ್, ಗಾಣದ ಎಣ್ಣೆ, ತುಪ್ಪ ಇವುಗಳಲ್ಲಿ ರುಚಿ, ಗುಣ ಬೇರೆಬೇರೆ ಇರಬಹುದು. ಕ್ಯಾಲೊರಿ ಮಾತ್ರ ಹೆಚ್ಚುಕಡಿಮೆ ಒಂದೇ. ದುಬಾರಿ ಎಣ್ಣೆ ತಂದ ಧೈರ್ಯದಲ್ಲಿ ಧಾರಾಳವಾಗಿ ಸುರಿದರೆ ತೂಕ ಇಳಿಯುವುದಿಲ್ಲ.

ಹಾಗಾದರೆ ಎಷ್ಟು ಸಾಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ದಿನದ ತಟ್ಟೆ ಹೇಗಿರಬೇಕೆಂದು ಹೇಳಿದೆ. ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು-ಮೊಸರು 300 ಮಿಲಿ, ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ಧಾನ್ಯ, ಬೇಳೆಯ ತೂಕ ಬೇಯಿಸುವ ಮುನ್ನಿನದು. 27 ಗ್ರಾಂ ಎಣ್ಣೆ ಎಂದರೆ ಆರು ಟೀ ಚಮಚ. ತಿಂಡಿ, ಎರಡು ಊಟ, ಸಂಜೆಯ ಬಜ್ಜಿ, ದೋಸೆಯ ಮೇಲೆ ಚಿಮುಕಿಸಿದ್ದು ಎಲ್ಲ ಇದರಲ್ಲೇ ಬರಬೇಕು. ತೂಕ ಇಳಿಸಬೇಕೆನ್ನುವ ವಯಸ್ಕರಿಗೆ ದಿನಕ್ಕೆ ನಾಲ್ಕು ಟೀ ಚಮಚ ಒಳ್ಳೆಯ ಗುರಿ. ಅದಕ್ಕಿಂತ ಕೆಳಗಿಳಿದು ಒಗ್ಗರಣೆಯನ್ನೇ ಬಿಟ್ಟರೆ ಊಟದ ರುಚಿ ಹೋಗುತ್ತದೆ, ಹಟವೂ ನಾಲ್ಕು ದಿನದಲ್ಲಿ ಮುರಿಯುತ್ತದೆ.

ನಿಮ್ಮ ಮನೆಯ ಖರ್ಚು ತಿಳಿಯಬೇಕೇ? ಎಣ್ಣೆಯ ಪ್ಯಾಕೆಟ್ ಒಡೆದ ದಿನದ ತಾರೀಖನ್ನು ಅದರ ಮೇಲೇ ಬರೆದಿಡಿ. ನಾಲ್ಕು ಜನರ ಮನೆಯಲ್ಲಿ, ತಲೆಗೆ ಆರು ಚಮಚದ ಲೆಕ್ಕ ಹಿಡಿದರೂ, ತಿಂಗಳಿಗೆ ಸುಮಾರು ಮೂರೂವರೆ ಲೀಟರ್ ಸಾಕು. ಹಬ್ಬವಿಲ್ಲದ ತಿಂಗಳಲ್ಲೂ ಐದು ಲೀಟರಿನ ಕ್ಯಾನು ಬರಿದಾಗುತ್ತಿದ್ದರೆ ಎಲ್ಲಿ ಕಡಿಮೆ ಮಾಡಬಹುದು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಆಮೇಲೆ ಗಿಂಡಿಯನ್ನು ಒಳಗಿಟ್ಟು ಅದರ ಜಾಗದಲ್ಲಿ ಒಂದು ಡಬ್ಬಿ, ಒಂದು 5 ಮಿಲಿ ಚಮಚ ಇಡಿ. ನೂರಾರು ರೂಪಾಯಿಯ ವಿಶೇಷ ಧಾನ್ಯ ಕೊಳ್ಳುವ ಬದಲು ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದರೆ ಇನ್ನೂ ಒಳ್ಳೆಯದು. ಜೀವಮಾನವಿಡೀ ತೂಗಬೇಕಿಲ್ಲ. ಕೆಲವು ವಾರ ತೂಗಿದರೆ ಕಣ್ಣಿಗೇ ಅಂದಾಜು ಸಿಕ್ಕಿಬಿಡುತ್ತದೆ.

ಅಡುಗೆಯ ಕ್ಯಾಲೊರಿ ಲೆಕ್ಕ ಹಾಕುವುದು ಕಷ್ಟದ ಕೆಲಸವೇನಲ್ಲ. ಪಾತ್ರೆಗೆ ಹಾಕಿದ್ದನ್ನೆಲ್ಲ ಕೂಡಿಸಿ, ಎಷ್ಟು ಜನ ತಿನ್ನುತ್ತೀರೋ ಅಷ್ಟರಿಂದ ಭಾಗಿಸಿದರೆ ಮುಗಿಯಿತು. ಮೂವರಿಗೆ ಮಾಡುವ ಉಪ್ಪಿಟ್ಟನ್ನೇ ತೆಗೆದುಕೊಳ್ಳಿ. 150 ಗ್ರಾಂ ರವೆಯಲ್ಲಿ ಸುಮಾರು 525 ಕ್ಯಾಲೊರಿ, ನಾಲ್ಕು ದೊಡ್ಡ ಚಮಚ ಎಣ್ಣೆಯಲ್ಲಿ 480, ಎರಡು ಹಿಡಿ ತೆಂಗಿನ ತುರಿಯಲ್ಲಿ 110, ಒಗ್ಗರಣೆಯ ಬೇಳೆಗಳಲ್ಲಿ 35. ಒಟ್ಟು 1,150; ತಲೆಗೆ 385ರಷ್ಟು. ನೋಡಿ, ಹೆಚ್ಚುಕಡಿಮೆ ರವೆಯಲ್ಲಿ ಇದ್ದಷ್ಟೇ ಕ್ಯಾಲೊರಿ ಎಣ್ಣೆಯಲ್ಲೂ ಇದೆ. ಇದನ್ನೇ ಬೇರೆ ರೀತಿ ಮಾಡೋಣ. ರವೆ 120 ಗ್ರಾಂ, ಎಣ್ಣೆ ನಾಲ್ಕು ಟೀ ಚಮಚ, ತುರಿ ಒಂದೇ ಹಿಡಿ, ಬೇಳೆಗಳು ಅಷ್ಟೇ. ಜೊತೆಗೆ ಹುರುಳಿಕಾಯಿ, ಗಜ್ಜರಿ, ಒಂದಿಷ್ಟು ಬಟಾಣಿ ಸೇರಿ ಕಾಲು ಕಿಲೋ ತರಕಾರಿ. ಒಟ್ಟು 775 ಕ್ಯಾಲೊರಿ, ತಲೆಗೆ 260. ಬಾಣಲೆಯಲ್ಲಿರುವ ಉಪ್ಪಿಟ್ಟು ಮೊದಲಿನದಕ್ಕಿಂತ ಜಾಸ್ತಿಯೇ ಇದೆ. ರವೆಯನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದಿಟ್ಟುಕೊಂಡರೆ ಉದುರುದುರಾಗಿಯೂ ಬರುತ್ತದೆ. ಚಿತ್ರಾನ್ನಕ್ಕೂ ವಾಂಗೀಬಾತಿಗೂ ಇದೇ ದಾರಿ: ತರಕಾರಿ ಅಥವಾ ಮಾವಿನಕಾಯಿ ತುರಿ ಹೆಚ್ಚಲಿ, ಅನ್ನ ಸ್ವಲ್ಪ ಇಳಿಯಲಿ, ಕಡಲೆಬೀಜ ಎಣಿಸಿ ಬೀಳಲಿ. ನೂರು ಗ್ರಾಂ ಕಡಲೆಬೀಜದಲ್ಲಿ ಸುಮಾರು 550 ಕ್ಯಾಲೊರಿ ಇದೆ.

ಒಗ್ಗರಣೆ ಕೊನೆಗೆ ಬರಲಿ

ಪಲ್ಯಕ್ಕೆ ಎಣ್ಣೆ ಹೆಚ್ಚು ಹೋಗುವುದು ತರಕಾರಿಯನ್ನು ಎಣ್ಣೆಯಲ್ಲೇ ಬೇಯಿಸಲು ಹೊರಟಾಗ. ತರಕಾರಿಯಲ್ಲಿಯೇ ನೀರಿದೆ, ಅದರಲ್ಲೇ ಬೇಯುತ್ತದೆ. ದಪ್ಪ ತಳದ ಪಾತ್ರೆಗೆ ಹೆಚ್ಚಿದ ತರಕಾರಿ, ಉಪ್ಪು ಹಾಕಿ, ಎರಡು ಚಮಚ ನೀರು ಚಿಮುಕಿಸಿ, ತಟ್ಟೆ ಮುಚ್ಚಿ, ಆ ತಟ್ಟೆಯ ಮೇಲೂ ಒಂದಿಷ್ಟು ನೀರು ನಿಲ್ಲಿಸಿ. ಹಬೆ ತಟ್ಟೆಗೆ ತಾಗಿ ತಣ್ಣಗಾಗಿ ಮತ್ತೆ ಪಾತ್ರೆಗೇ ಇಳಿಯುತ್ತದೆ. ಎಲೆಕೋಸು, ಸೀಮೆಬದನೆ, ಪಡವಲ ಎಣ್ಣೆಯ ಹನಿಯೂ ಇಲ್ಲದೆ ಬೆಂದು ನಿಲ್ಲುತ್ತವೆ. ಆಮೇಲೆ ಪಕ್ಕದ ಪುಟ್ಟ ಸೌಟಿನಲ್ಲಿ ಒಂದೂವರೆ ಚಮಚ ಎಣ್ಣೆ ಕಾಯಿಸಿ, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು, ಇಂಗು ಹಾಕಿ ಮೇಲೆ ಸುರಿಯಿರಿ. ಇಂಗು, ಕರಿಬೇವು, ಮೆಣಸಿನಕಾಯಿಯ ಪರಿಮಳ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಆ ಎಣ್ಣೆ ಕೊನೆಗೆ ಬಿದ್ದಾಗ ಪರಿಮಳವೂ ಪಲ್ಯದ ಮೇಲ್ಮೈಯಲ್ಲೇ ಉಳಿದು ಮೂಗಿಗೂ ನಾಲಿಗೆಗೂ ಮೊದಲು ಸಿಗುತ್ತದೆ. ಅದಕ್ಕೇ ಒಂದೂವರೆ ಚಮಚದ ಒಗ್ಗರಣೆ ನಾಲ್ಕು ಚಮಚದ್ದರಂತೆ ಅನಿಸುವುದು.

ಬದನೆಕಾಯಿಯ ಕಥೆ ಬೇರೆ. ಅದರ ತಿರುಳಿನ ತುಂಬ ಗಾಳಿಯ ಗೂಡುಗಳಿದ್ದು ಹಾಕಿದಷ್ಟೂ ಎಣ್ಣೆ ಕುಡಿಯುತ್ತದೆ. ಒಮ್ಮೆ ಹಬೆಯಲ್ಲಿ ಬೇಯಿಸಿದರೆ ಆ ಗೂಡುಗಳು ಕುಸಿದು ಎಣ್ಣೆ ಹೀರುವುದು ಕಡಿಮೆಯಾಗುತ್ತದೆ. ಎಣ್ಣೆಗಾಯಿ ಮಾಡುವವರು ಕಾಯನ್ನು ಸೀಳಿ, ಇಡ್ಲಿ ಪಾತ್ರೆಯಲ್ಲಿ ಐದಾರು ನಿಮಿಷ ಇಟ್ಟು, ಆಮೇಲೆ ಶೇಂಗಾ-ಎಳ್ಳಿನ ಮಸಾಲೆ ತುಂಬಿ ನೋಡಲಿ. ಅರ್ಧ ಎಣ್ಣೆ ಉಳಿಯುತ್ತದೆ. ಬೆಂಕಿಯಲ್ಲಿ ಸುಟ್ಟು ಮಾಡುವ ಬದನೆಕಾಯಿ ಗೊಜ್ಜಿಗಂತೂ ಒಂದು ಚಮಚವೇ ಹೆಚ್ಚು.

ಕರಿದ ತಿಂಡಿ ಪೂರ್ತಿ ಬಿಡಿ ಎಂದು ನಾನು ಹೇಳಲಾರೆ. ಯುಗಾದಿಗೆ ಒಬ್ಬಟ್ಟಿನ ಜೊತೆ ಅಂಬೊಡೆ ಇಲ್ಲದಿದ್ದರೆ ಹೇಗೆ? ಆದರೆ ಕರಿಯುವಾಗ ತಿಳಿದಿರಬೇಕಾದ ಒಂದು ವಿಷಯವಿದೆ. ಎಣ್ಣೆಯಲ್ಲಿ ಬೇಯುವಾಗ ವಡೆಯೊಳಗಿನ ನೀರು ಹಬೆಯಾಗಿ ಹೊರಗೆ ನುಗ್ಗುತ್ತಿರುವುದರಿಂದ ಎಣ್ಣೆ ಹೆಚ್ಚು ಒಳಗೆ ಹೋಗುವುದಿಲ್ಲ. ಹೊರತೆಗೆದು ತಣ್ಣಗಾಗುವಾಗ ಒಳಗಿನ ಹಬೆ ನೀರಾಗಿ, ಆ ಸೆಳೆತಕ್ಕೆ ಮೇಲಂಟಿದ ಎಣ್ಣೆ ಒಳಗಿಳಿಯುತ್ತದೆ. ಹಾಗಾಗಿ ಬಿಸಿ ಇರುವಾಗಲೇ ಜಾಲರಿಯಲ್ಲಿ ಅಲುಗಿಸಿ, ಕಾಗದದ ಮೇಲೆ ಹರವಿ ಹೊರಳಿಸಬೇಕು. ಒಂದರ ಮೇಲೊಂದು ಪೇರಿಸಿ ತಣ್ಣಗಾದ ಮೇಲೆ ಒತ್ತಿದರೆ ಬರುವುದು ಕಡಿಮೆ. ಹಪ್ಪಳವನ್ನು ಉರಿಯ ಮೇಲೆ ಸುಟ್ಟರೆ ಎಣ್ಣೆಯ ಮಾತೇ ಇಲ್ಲ. ಅಂಬೊಡೆಯ ಹಿಟ್ಟಿನಲ್ಲಿಯೇ, ಕಡಲೆಬೇಳೆಯ ಜೊತೆ ತೊಗರಿಬೇಳೆ ಹೆಚ್ಚಿಸಿ, ಸಬ್ಬಸಿಗೆ ಸೊಪ್ಪು, ಶುಂಠಿ, ಹಸಿಮೆಣಸಿನಕಾಯಿ ಬೆರೆಸಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ನುಚ್ಚಿನುಂಡೆ. ಒಬ್ಬರಿಗೆ 50 ಗ್ರಾಂ ಬೇಳೆ ಹಿಡಿದರೆ ಸುಮಾರು 170 ಕ್ಯಾಲೊರಿಯಲ್ಲಿ 11 ಗ್ರಾಂ ಪ್ರೋಟೀನು ಸಿಗುತ್ತದೆ. ಮಜ್ಜಿಗೆಹುಳಿಯ ಜೊತೆ ನಾಲ್ಕು ಉಂಡೆ ತಿಂದವರು ಸಂಜೆಯವರೆಗೆ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕುವುದಿಲ್ಲ. ಹಗುರ ಊಟವೆಂದರೆ ನನ್ನ ಮಟ್ಟಿಗೆ ಇದೇ: ಕ್ಯಾಲೊರಿ ಕಡಿಮೆ ಇರಬೇಕು, ತಿಂದವರಿಗೆ ಬೇಗ ಹಸಿಯಬಾರದು.

ತೆಂಗಿನಕಾಯಿಯ ಲೆಕ್ಕ

ಎಣ್ಣೆ ಬಿಟ್ಟರೆ ನಾವು ಅಳೆಯದೆ ಹಾಕುವುದು ತೆಂಗಿನ ತುರಿ. ನೂರು ಗ್ರಾಂ ಹಸಿ ತುರಿಯಲ್ಲಿ 350ರಿಂದ 400 ಕ್ಯಾಲೊರಿ, ಒಣಕೊಬ್ಬರಿಯಲ್ಲಿ ಸುಮಾರು 650. ಹುಳಿಗೆ ರುಬ್ಬಿದ ಒಂದು ಬಟ್ಟಲು ತುರಿ ನಾಲ್ವರಿಗೆ ಹಂಚಿದಾಗ ದೊಡ್ಡದೇನಲ್ಲ, ತಲೆಗೆ ಎಪ್ಪತ್ತೈದರ ಹತ್ತಿರ. ಆದರೆ ಬೆಳಗಿನ ಚಟ್ನಿಗೆ ಅರ್ಧ ಹೋಳು, ಮಧ್ಯಾಹ್ನದ ಹುಳಿಗೆ ಇನ್ನರ್ಧ, ಪಲ್ಯದ ಮೇಲೆ ಉದುರಿಸಲು ಒಂದಿಷ್ಟು, ಕೋಸಂಬರಿಗೆ ಮತ್ತೊಂದಿಷ್ಟು ಎಂದು ಒಂದೇ ದಿನದಲ್ಲಿ ಎಲ್ಲವೂ ಸೇರಿದಾಗ ಮೊತ್ತ ಬೆಳೆಯುತ್ತದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಮನೆಗಳಲ್ಲಿ ತೆಂಗು ಬಿಡಿ ಎಂದರೆ ಅಡುಗೆಯೇ ಬಿಡಿ ಎಂದಂತೆ. ಬಿಡಬೇಕಿಲ್ಲ. ದಿನಕ್ಕೆ ಒಂದು ಅಡುಗೆಯಲ್ಲಿ ತೆಂಗು ಇರಲಿ, ಉಳಿದವುಗಳಲ್ಲಿ ಬೇಡ ಎಂಬ ನಿಯಮ ಮಾಡಿಕೊಂಡರೆ ಸಾಕು.

ಮೂರು ಇಡ್ಲಿಯಲ್ಲಿ ಹೆಚ್ಚೆಂದರೆ 170 ಕ್ಯಾಲೊರಿ. ಅದರ ಜೊತೆ ಬಟ್ಟಲು ತುಂಬ ಕಾಯಿಚಟ್ನಿ ತಿಂದರೆ ಇಡ್ಲಿ ಹಗುರವೆಂಬ ಮಾತು ಉಳಿಯುವುದಿಲ್ಲ. ಹೀರೆಕಾಯಿ ಸಿಪ್ಪೆಯನ್ನು ಅರ್ಧ ಚಮಚ ಎಣ್ಣೆಯಲ್ಲಿ ಉದ್ದಿನಬೇಳೆ, ಮೆಣಸಿನಕಾಯಿ ಜೊತೆ ಬಾಡಿಸಿ, ಹುಣಸೆ, ಉಪ್ಪು ಸೇರಿಸಿ ರುಬ್ಬಿದ ಚಟ್ನಿಗೆ ತೆಂಗೇ ಬೇಡ. ಈರುಳ್ಳಿ-ಟೊಮೆಟೊ ಚಟ್ನಿ, ಪುದೀನ-ಕೊತ್ತಂಬರಿ ಚಟ್ನಿಗೆ ಒಂದು ಚಮಚ ಹುರಿಗಡಲೆ ಹಾಕಿದರೆ ಗಟ್ಟಿಯೂ ಆಗುತ್ತದೆ. ಹುಳಿಗೆ ಮೈಬರಲು ಅರ್ಧ ತುರಿ ಕಡಿಮೆ ಮಾಡಿ, ಆ ಜಾಗಕ್ಕೆ ಬೆಂದ ಬೇಳೆಯನ್ನೇ ಒಂದು ಸೌಟು ಮಸಾಲೆಯ ಜೊತೆ ರುಬ್ಬಿ. ಮಜ್ಜಿಗೆಹುಳಿಗೆ ನೆನೆಸಿದ ಕಡಲೆಬೇಳೆ ಒಂದು ಚಮಚ ಹೆಚ್ಚಿಸಿ, ಬೂದುಗುಂಬಳ ಧಾರಾಳವಾಗಿ ಹಾಕಿ. ಬೂದುಗುಂಬಳ, ಸೋರೆ, ಪಡವಲ, ಹೀರೆ ಇವೆಲ್ಲ ಬಹುಪಾಲು ನೀರು, ನೂರು ಗ್ರಾಮಿಗೆ ಇಪ್ಪತ್ತು ಕ್ಯಾಲೊರಿಯೂ ಇಲ್ಲ.

ತೆಂಗು ಕಡಿಮೆ ಹಾಕಿಯೂ ರುಚಿ ಹೇಗೆ ಬರುತ್ತದೆ ಎಂಬುದನ್ನು ಹಳೇ ಮೈಸೂರಿನ ಬಸ್ಸಾರು ಚೆನ್ನಾಗಿ ತೋರಿಸಿಕೊಡುತ್ತದೆ. ನಾಲ್ವರಿಗೆ 150 ಗ್ರಾಂ ತೊಗರಿಬೇಳೆ, ಅರ್ಧ ಕಿಲೋ ದಂಟಿನ ಸೊಪ್ಪು. ಬೇಳೆ ಕರಗದಂತೆ ಸೊಪ್ಪಿನ ಜೊತೆ ಬೇಯಿಸಿ ಕಟ್ಟು ಬಸಿದುಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಒಣಮೆಣಸಿನಕಾಯಿಯನ್ನು ಒಂದು ಚಮಚ ಎಣ್ಣೆಯಲ್ಲಿ ಹುರಿದು, ಹುಣಸೆ, ಒಂದು ಹಿಡಿ ತುರಿ ಮತ್ತು ಬಸಿದ ಬೇಳೆ-ಸೊಪ್ಪಿನಲ್ಲೇ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ, ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಬೇಳೆ-ಸೊಪ್ಪಿಗೆ ಎರಡು ಚಮಚದ ಒಗ್ಗರಣೆ ಕೊಟ್ಟರೆ ಪಲ್ಯ. ಎರಡೂ ಸೇರಿ ತಲೆಗೆ 210 ಕ್ಯಾಲೊರಿಯಷ್ಟು, ಹತ್ತು ಗ್ರಾಮಿಗಿಂತ ಹೆಚ್ಚು ಪ್ರೋಟೀನು. 80 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಇನ್ನೊಂದು 260. ದುಡಿದು ಬಂದವರ ಹೊಟ್ಟೆ ತುಂಬಿಸುವ ಈ ಊಟ 500 ಕ್ಯಾಲೊರಿ ದಾಟುವುದಿಲ್ಲ. ಅದರೆದುರು ಹೋಟೆಲಿನ ಸಲಾಡ್ ಯಾಕೆ ಬೇಕು?

ಮಲೆನಾಡಿನವರ ತಂಬುಳಿಯೂ ಇದೇ ಸಾಲಿಗೆ ಸೇರಿದ್ದು. ದೊಡ್ಡಪತ್ರೆ ಅಥವಾ ಒಂದೆಲಗವನ್ನು ಜೀರಿಗೆ, ಮೆಣಸಿನ ಜೊತೆ ಕಾಲು ಚಮಚ ತುಪ್ಪದಲ್ಲಿ ಬಾಡಿಸಿ, ಒಂದು ಚಮಚ ತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಕದಡಿದರೆ ಆಯಿತು, ಕುದಿಸುವಂತಿಲ್ಲ. ಉತ್ತರ ಕರ್ನಾಟಕದ ಜೋಳದ ರೊಟ್ಟಿಗೆ ಎಣ್ಣೆಯೇ ತಾಗುವುದಿಲ್ಲ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿ ಸುಮಾರು 170 ಕ್ಯಾಲೊರಿ. ಜೊತೆಗೆ ಪುಂಡಿಪಲ್ಯ, ಹೆಸರುಕಾಳು, ಹಸಿ ಮೆಂತ್ಯ, ಸವತಿ, ಮೂಲಂಗಿ. ಅಲ್ಲಿ ಎಚ್ಚರ ಬೇಕಾದ್ದು ಶೇಂಗಾಪುಡಿಗೆ ಕಲೆಸುವ ಎಣ್ಣೆಯಲ್ಲಿ. ಪುಡಿಯನ್ನು ಗಟ್ಟಿ ಮೊಸರಿನಲ್ಲಿ ಕಲೆಸಿದರೂ ರುಚಿ ಕೆಡುವುದಿಲ್ಲ. ಕರಾವಳಿಯವರು ಬಂಗುಡೆಗೆ ರವೆ ಹಚ್ಚಿ ಹುರಿಯುವ ಬದಲು ಪುಳಿಮುಂಚಿ ಮಾಡಬಹುದು, ಇಲ್ಲವೇ ಮಸಾಲೆ ಸವರಿ ಬಾಳೆಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸಬಹುದು. ಬಂಗುಡೆಯಲ್ಲೇ ಕೊಬ್ಬಿದೆ, ಇನ್ನಷ್ಟು ಸೇರಿಸಬೇಕಿಲ್ಲ.

ಅನ್ನ, ರಾಗಿ, ಸಿರಿಧಾನ್ಯ

ಧಾನ್ಯಗಳ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಅಕ್ಕಿ, ಗೋಧಿ, ರಾಗಿ, ಜೋಳ, ನವಣೆ ಯಾವುದೇ ಆಗಲಿ, ಒಣಧಾನ್ಯದ ನೂರು ಗ್ರಾಮಿಗೆ ಸುಮಾರು 320ರಿಂದ 360 ಕ್ಯಾಲೊರಿ. ನವಣೆ ಅನ್ನ ಎಷ್ಟು ತಿಂದರೂ ತೂಕ ಏರದು ಎಂಬುದು ಸುಳ್ಳು. ರಾಗಿ ಮತ್ತು ಸಿರಿಧಾನ್ಯಗಳಲ್ಲಿ ಪಾಲಿಶ್ ಮಾಡಿದ ಅಕ್ಕಿಗಿಂತ ನಾರು ಹೆಚ್ಚು. ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ನಿಲ್ಲುತ್ತದೆ. ರಾಗಿಯಲ್ಲಿ ನೂರು ಗ್ರಾಮಿಗೆ 350 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇದೆ. ಈ ಕಾರಣಕ್ಕೆ ತಿನ್ನಿ, ಅಳೆದು ತಿನ್ನಿ. ಅನ್ನವನ್ನೇ ಇಷ್ಟಪಡುವವರು ಅನ್ನ ಬಿಡಬೇಕಿಲ್ಲ. ಬೆಂದ ಅನ್ನದಲ್ಲಿ ನೂರು ಗ್ರಾಮಿಗೆ 130 ಕ್ಯಾಲೊರಿ. ಒಂದು ಸಾಧಾರಣ ಬಟ್ಟಲು ಸುಮಾರು 200. ತೊಂದರೆ ಬರುವುದು ಹುಳಿಗೊಮ್ಮೆ, ಸಾರಿಗೊಮ್ಮೆ, ಮೊಸರಿಗೊಮ್ಮೆ ಎಂದು ಮೂರು ಸಲ ಬಡಿಸಿಕೊಂಡಾಗ. ಆ ಒಂದು ಬಟ್ಟಲನ್ನೇ ಮೂರು ಪಾಲು ಮಾಡಿಕೊಂಡರೆ ಊಟದ ಕ್ರಮವೂ ಉಳಿಯುತ್ತದೆ.

ಬಾಳೆಲೆಯ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಂದು ಅನ್ನ ಆಮೇಲೆ ಬರುತ್ತದೆ. ಮನೆಯಲ್ಲೂ ಹಾಗೆ ಮಾಡಿ. ತರಕಾರಿ, ಬೇಳೆ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರ ರಕ್ತದ ಸಕ್ಕರೆ ಏರುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಕೋಸಂಬರಿಗೆ 30 ಗ್ರಾಂ ಹೆಸರುಬೇಳೆ ನೆನೆಸಿ, ಸೌತೆಕಾಯಿ, ಗಜ್ಜರಿ ತುರಿ, ನಿಂಬೆರಸ ಬೆರೆಸಿದರೆ ನೂರರ ಆಚೀಚೆ ಕ್ಯಾಲೊರಿ. ಉಪ್ಪನ್ನು ಬಡಿಸುವ ಹೊತ್ತಿಗೇ ಹಾಕಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ.

ಕಾಫಿಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ನೂರು ಮಿಲಿ ಟೋನ್ಡ್ ಹಾಲಿನಲ್ಲಿ ಸುಮಾರು 58 ಕ್ಯಾಲೊರಿ, ಎರಡು ಚಮಚ ಸಕ್ಕರೆಯಲ್ಲಿ 40. ದಿನಕ್ಕೆ ಮೂರು ಲೋಟವೆಂದರೆ ಆ ಹಗುರ ಉಪ್ಪಿಟ್ಟಿಗಿಂತ ಹೆಚ್ಚು. ಬೆಲ್ಲ ಹಾಕಿಕೊಂಡರೆ ಹೆಚ್ಚೇನೂ ಉಳಿಯುವುದಿಲ್ಲ, ಅದೂ ಬಹುಪಾಲು ಸಕ್ಕರೆಯೇ. ಸಕ್ಕರೆಯನ್ನು ಒಮ್ಮೆಲೇ ಬಿಡದೆ ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಹಾಲಿನ ಪ್ಯಾಕೆಟ್ಟನ್ನೂ ಓದಿ: ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಪೂರ್ಣ ಕೆನೆಯ ಹಾಲಿನಲ್ಲಿ ಶೇ 6.

ಎಣ್ಣೆ ಇಳಿಸಿದವರ ಕೈ ತಮಗರಿವಿಲ್ಲದೆ ಉಪ್ಪಿನ ಕಡೆಗೆ ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ತಟ್ಟೆಯಲ್ಲಿ ಹೆಚ್ಚುತ್ತವೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ರುಚಿ ಏರಿಸಬೇಕಾದರೆ ನಿಂಬೆ, ಹುಣಸೆ, ಶುಂಠಿ, ಹುರಿದು ಪುಡಿಮಾಡಿದ ಜೀರಿಗೆ-ಮೆಣಸು ಬಳಸಿ.

ಇದೆಲ್ಲ ಹೆಚ್ಚುವರಿ ತೂಕ ಹೊತ್ತ, ಉಳಿದಂತೆ ಆರೋಗ್ಯವಾಗಿರುವ ವಯಸ್ಕರಿಗೆ. ವಾರಕ್ಕೆ ಅರ್ಧ ಕಿಲೋದೊಳಗೆ ಇಳಿದರೆ ಸಾಕು, ಅದಕ್ಕೂ ವೇಗವಾಗಿ ಇಳಿಸುವ ಆಸೆ ಬೇಡ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ತಗ್ಗಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಮೂತ್ರಪಿಂಡದ ತೊಂದರೆ ಇರುವವರು ಬೇಳೆ, ಸೊಪ್ಪು ಹೆಚ್ಚಿಸುವ ಮುನ್ನವೂ ಹಾಗೆಯೇ. ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದು ತೂಕ ಇಳಿಸುವ ಕಾಲವಲ್ಲ.

ಬೆಳೆಯುವ ಮಕ್ಕಳೂ ಸೊರಗಿದ ಹಿರಿಯರೂ ಇರುವ ಮನೆಯಲ್ಲಿ ಅಪ್ಪ-ಅಮ್ಮನ ಪಥ್ಯ ಎಲ್ಲರ ಮೇಲೂ ಬೀಳಬಾರದು. ಹಾಗೆಂದು ಎರಡೆರಡು ಅಡುಗೆ ಮಾಡುತ್ತ ಮನೆಯ ಹೆಂಗಸರು ಒಲೆಯ ಮುಂದೆಯೇ ನಿಲ್ಲುವುದೂ ಸರಿಯಲ್ಲ. ಹುಳಿ, ಪಲ್ಯವನ್ನು ಎಣ್ಣೆಯಿಲ್ಲದೆ ಒಟ್ಟಿಗೇ ಬೇಯಿಸಿ, ನಿಮ್ಮ ಪಾಲನ್ನು ಒಂದು ಚಮಚದ ಒಗ್ಗರಣೆಯಲ್ಲಿ ಬೇರೆ ತೆಗೆದಿಡಿ. ಉಳಿದದ್ದಕ್ಕೆ ಇನ್ನೊಂದು ಚಮಚ ಎಣ್ಣೆ, ಹಿಡಿ ತುರಿ ಬೀಳಲಿ. ಮಗುವಿನ ಅನ್ನಕ್ಕೂ ಅಜ್ಜಿಯ ಮುದ್ದೆಗೂ ತಟ್ಟೆಯಲ್ಲೇ ತುಪ್ಪ ಬಡಿಸಿ.